ಹಳೆಯ ಕ್ರೀಡಾ ಕಾರಿನ ಚಾಸಿಗೆ ಹೊಸ ತುಂಡು ಕೂಡಿಸುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬಂದು ಕೂಡುವ ಮಿತ್ರರಲ್ಲಿ ಎರಡು ಬಗೆಯವರುಂಟು. ಕಬ್ಬಿಣ, ಯಂತ್ರ, ಬೆಸುಗೆಗಳ ನಡುವೆ ದಿನ ಕಳೆದು ಬರುವವರು ಒಂದು ಬಗೆ. ಲೆಕ್ಕ, ಪತ್ರ, ಫೈಲುಗಳ ನಡುವೆ ದಿನ ಕಳೆದು ಬರುವವರು ಇನ್ನೊಂದು ಬಗೆ. ಕಲಬುರ್ಗಿ, ಯಾದಗಿರಿ, ಬೀದರಗಳ ಕಡೆಯಿಂದ ರೈಲು ಹತ್ತಿ ಬಂದು ಲಿಂಗಂಪಲ್ಲಿಯಲ್ಲಿ ಇಳಿದವರಿಗೆ ರಾಮಚಂದ್ರಾಪುರ, ಪಟಾನ್‌ಚೆರುಗಳ ಕಾರ್ಖಾನೆಗಳು ದೂರವಲ್ಲ. ಈ ಸಲದ ಕಸಬಿನ ಪಾಠಕ್ಕೆ ನಾವು ಆರಿಸಿಕೊಂಡ ವಿಷಯ ಇಬ್ಬರಿಗೂ ಸಲ್ಲುವಂಥದು. ಹಳೆಯ ಕ್ರೀಡಾ ಕಾರಿನ ಚಾಸಿಗೆ ಹೊಸ ಬಿಡಿಭಾಗ ಕೂಡಿಸುವ ಕೆಲಸದಲ್ಲಿ ಅರ್ಧ ಕೆಲಸ ಕೈಯದು, ಅರ್ಧ ಕೆಲಸ ಅಳತೆಯ ಪುಸ್ತಕದ್ದು.

ಇದು ಶ್ರೀಮಂತರ ಹವ್ಯಾಸವಲ್ಲವೇ, ನಮಗೇಕೆ ಎಂದು ಕೆಲವರು ಕೇಳಬಹುದು. ಕಾರು ಶ್ರೀಮಂತರದೇ ಇರಬಹುದು; ಅದರ ಕೆಳಗೆ ಮಲಗಿ ಕೆಲಸ ಮಾಡುವವರು ನಮ್ಮಂಥವರು. ಅದು ರಸ್ತೆಗೆ ಇಳಿದ ಮೇಲೆ ಅದರಲ್ಲಿ ಕುಳಿತವರ ಪ್ರಾಣವೂ, ಎದುರಿಗೆ ಸೈಕಲ್ಲಿನಲ್ಲಿ ಬರುವವನ ಪ್ರಾಣವೂ ಆ ಬೆಸುಗೆಯನ್ನು ನಂಬಿರುತ್ತದೆ. ಆದುದರಿಂದ ವಿಷಯವನ್ನು ಮೊದಲಿನಿಂದ ತಿಳಿಯೋಣ.

೧. ಚಾಸಿ ಎಂದರೇನು?

ಮನೆಗೆ ತಳಪಾಯ ಹೇಗೋ ಹಳೆಯ ಕಾರಿಗೆ ಚಾಸಿ ಹಾಗೆ. ಎಂಜಿನ್ನು, ಚಕ್ರ, ಕಮಾನುಪಟ್ಟಿ, ಸ್ಟೀರಿಂಗು ಎಲ್ಲವೂ ಈ ಉಕ್ಕಿನ ಚೌಕಟ್ಟನ್ನು ಹಿಡಿದಿರುತ್ತವೆ. ಬಾಡಿಯನ್ನು ಅದರ ಮೇಲೆ ಬೋಲ್ಟು ಹಾಕಿ ಕೂಡಿಸಿರುತ್ತಾರೆ. ನಮ್ಮ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಕಾಲದಲ್ಲಿ ಚಾಸಿಯನ್ನೂ ಎಂಜಿನ್ನನ್ನೂ ಒಂದು ಕಂಪೆನಿ ಮಾಡುತ್ತಿತ್ತು; ಬಾಡಿಯನ್ನು ಬೇರೊಬ್ಬರು ಕಟ್ಟುತ್ತಿದ್ದರು. ಇಂದಿನ ಬಹುತೇಕ ಕಾರುಗಳಿಗೆ ಬೇರೆ ಚಾಸಿಯೇ ಇಲ್ಲ. ತಗಡಿನ ಬಾಡಿಯೇ ಭಾರವನ್ನೆಲ್ಲ ಹೊರುತ್ತದೆ. ಲಾರಿಗಳಲ್ಲಿ ಹಳೆಯ ಪದ್ಧತಿಯನ್ನು ಇಂದಿಗೂ ಕಾಣಬಹುದು.

ನಾವು ಉದಾಹರಣೆಗೆ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಕಾರನ್ನು ತೆಗೆದುಕೊಳ್ಳುತ್ತೇವೆ. ಎರಡೇ ಆಸನದ, ಮೇಲೆ ತೆರೆದ ಈ ಸಣ್ಣ ಕಾರು 1962ರಲ್ಲಿ ಹೊರಬಂದು 1980ರವರೆಗೆ ತಯಾರಾಯಿತು. ಇದನ್ನು ಆರಿಸಲು ಕಾರಣವಿದೆ: ಇದರ ಅಣ್ಣ ನಮ್ಮ ದೇಶದ ರಸ್ತೆಗಳಿಗೆ ಚೆನ್ನಾಗಿ ಪರಿಚಿತ. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಕಾರನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪೆನಿಯು 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಇಲ್ಲಿಯೇ ತಯಾರಿಸಿತು. ಬಾನೆಟ್ಟು ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಆ ಕಾರನ್ನು ನಮ್ಮಲ್ಲಿ ಹಿರಿಯರು ಮರೆತಿರಲಾರರು.

ಹೆರಾಲ್ಡಿಗೆ ಬೇರೆ ಚಾಸಿ ಇಟ್ಟುದಕ್ಕೂ ಒಂದು ಕತೆಯುಂಟು. ಟ್ರಯಂಫ್ ಕಾರುಗಳಿಗೆ ಬಾಡಿ ಒದಗಿಸುತ್ತಿದ್ದ ಫಿಷರ್ ಅಂಡ್ ಲಡ್ಲೋ ಎಂಬ ಕಂಪೆನಿಯನ್ನು 1953ರಲ್ಲಿ ಎದುರಾಳಿ ಸಂಸ್ಥೆಯೊಂದು ಕೊಂಡುಕೊಂಡಿತು. ಇಡಿಯ ಬಾಡಿಯನ್ನು ಒಂದೇ ಕಡೆ ಒತ್ತಿ ಮಾಡಿಸುವ ದಾರಿ ಮುಚ್ಚಿದಂತಾಗಲು, ಬಿಡಿಬಿಡಿ ಭಾಗಗಳನ್ನು ಬೇರೆಬೇರೆ ಕಡೆ ಮಾಡಿಸಿ ಚಾಸಿಯ ಮೇಲೆ ಬೋಲ್ಟು ಹಾಕುವ ಉಪಾಯ ಹೂಡಿದರು. ಬಿಡಿಯಾಗಿ ಹಡಗಿಗೆ ಏರಿಸಿ ಹೊರದೇಶಗಳಲ್ಲಿ ಜೋಡಿಸಲಿಕ್ಕೂ ಇದು ಅನುಕೂಲವಾಯಿತು. ಹೆರಾಲ್ಡಿನ ಇದೇ ಚಾಸಿಯನ್ನು ಗಿಡ್ಡ ಮಾಡಿ ಸ್ಪಿಟ್‌ಫೈರ್ ಕಟ್ಟಿದರು. ಹೆರಾಲ್ಡಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2324 ಮಿಲಿಮೀಟರು. ಸ್ಪಿಟ್‌ಫೈರಿನದು 2108 ಮಿಲಿಮೀಟರು. ಎರಡಕ್ಕೂ 216 ಮಿಲಿಮೀಟರಿನ, ಎಂದರೆ ಎಂಟೂವರೆ ಅಂಗುಲದ ವ್ಯತ್ಯಾಸ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಎರಡೂ ಕಾರಿನಲ್ಲಿ ನಡುವೆ ಬೆನ್ನೆಲುಬಿನಂತೆ ಎರಡು ಉದ್ದ ದೂಲಗಳಿವೆ. ಹೆರಾಲ್ಡಿನಲ್ಲಿ ಈ ಬೆನ್ನೆಲುಬಿನಿಂದ ಪಕ್ಕಕ್ಕೆ ತೋಳುಗಳು ಚಾಚಿ, ಅವುಗಳ ತುದಿಗೆ ಎಡಬಲದ ಪಕ್ಕದೂಲಗಳು ಕೂಡಿವೆ. ಸ್ಪಿಟ್‌ಫೈರಿನಲ್ಲಿ ಆ ಪಕ್ಕದೂಲಗಳನ್ನು ತೆಗೆದುಹಾಕಿ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಹೊಸ್ತಿಲಿಗೇ ಭಾರ ಹೊರುವ ಕೆಲಸ ಕೊಟ್ಟಿದ್ದಾರೆ. ಹಿಂದಿನ ಚಕ್ರವನ್ನು ಮುಂದಕ್ಕೂ ಹಿಂದಕ್ಕೂ ಸರಿಯದಂತೆ ಹಿಡಿಯುವ ಸಲಾಕೆ ಕೂಡ ಹೆರಾಲ್ಡಿನಲ್ಲಿ ಚಾಸಿಯನ್ನು ಹಿಡಿದಿದೆ, ಸ್ಪಿಟ್‌ಫೈರಿನಲ್ಲಿ ಬಾಡಿಯನ್ನು ಹಿಡಿದಿದೆ. ಹೀಗಿರಲು ಗುಜರಿಯಲ್ಲಿ ಸಿಕ್ಕ ಹೆರಾಲ್ಡಿನ ತುಂಡು ನೋಟಕ್ಕೆ ಒಂದೇ ತರಹ ಇದೆಯೆಂದು ಸ್ಪಿಟ್‌ಫೈರಿಗೆ ಕೊಯ್ದು ಹಚ್ಚುವುದು ಅಪಾಯ. ರೂಪ ಒಂದೇ ಆದರೂ ಹೊರುವ ಹೊರೆ ಬೇರೆ.

೨. ಮೊದಲು ನೋಡುವುದು

ಚಾಸಿಯ ಪೆಟ್ಟಿಗೆಯಾಕಾರದ ದೂಲಗಳಿಗೆ ತುಕ್ಕು ಹೊರಗಿನಿಂದ ಹಿಡಿಯುವುದಕ್ಕಿಂತ ಒಳಗಿನಿಂದ ಹಿಡಿಯುವುದು ಹೆಚ್ಚು. ಒಳಗೆ ನುಗ್ಗಿದ ನೀರಿಗೂ ಕೆಸರಿಗೂ ಹೊರಬರಲು ದಾರಿ ಇಲ್ಲದಿದ್ದರೆ ತಗಡು ಒಳಗಿನಿಂದ ತಿಂದುಹೋಗುತ್ತದೆ. ಹೊರಗೆ ಬಣ್ಣ ಮಾತ್ರ ನಗುತ್ತಿರುತ್ತದೆ. ಮಂಗಳೂರು, ಮದರಾಸುಗಳ ಉಪ್ಪುಗಾಳಿಯಲ್ಲಿ ಬಾಳಿದ ಕಾರಿಗೆ ಈ ರೋಗ ಹೆಚ್ಚು. ನಮ್ಮ ದಖನ್ನಿನ ಒಣಹವೆಯಲ್ಲಿ ಬಾಳಿದ್ದಕ್ಕೆ ಕಡಿಮೆ.

ಸಣ್ಣ ಸುತ್ತಿಗೆಯಿಂದ ದೂಲದ ಉದ್ದಕ್ಕೂ ತಟ್ಟುತ್ತ ಹೋಗಬೇಕು. ಮಡಕೆ ಕೊಳ್ಳುವಾಗ ನಮ್ಮ ತಾಯಂದಿರು ಬೆರಳಿನಿಂದ ತಟ್ಟಿ ನೋಡುವಂತೆಯೇ ಇದು. ಗಟ್ಟಿ ತಗಡು ಖಣಿಲೆನ್ನುತ್ತದೆ. ಕೊಳೆತ ತಗಡು ಮಂಕಾಗಿ ದಪ್ಪೆನ್ನುತ್ತದೆ. ಸಂಶಯ ಬಂದಲ್ಲಿ ಚೂಪಾದ ಸೂಜಿಗಬ್ಬಿಣದಿಂದ ಒತ್ತಬೇಕು. ಕೆಟ್ಟ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಅದರಿಂದ ಎರಡು ಮೂರು ಅಂಗುಲ ಆಚೆಗೆ ಗಟ್ಟಿ ತಗಡು ಎಲ್ಲಿ ಸಿಗುತ್ತದೆಂದು ಗೊತ್ತುಮಾಡಬೇಕು. ಹೊಸ ತುಂಡಿನ ಬೆಸುಗೆ ಗಟ್ಟಿ ತಗಡಿಗೇ ಬೀಳಬೇಕು. ಕೊಳೆತದ್ದಕ್ಕೆ ಹಚ್ಚಿದ ಬೆಸುಗೆ ಹಳೆಯ ಪಂಚೆಗೆ ಹೊಸ ಬಟ್ಟೆಯ ತೇಪೆ ಹಾಕಿದಂತೆ: ತೇಪೆ ಉಳಿಯುತ್ತದೆ, ಅದರ ಅಂಚಿನಲ್ಲಿ ಪಂಚೆ ಹರಿಯುತ್ತದೆ.

೩. ಕೊಯ್ಯುವ ಮೊದಲು ಅಳೆಯುವುದು

ಈ ಪಾಠದ ತಿರುಳು ಇಲ್ಲಿದೆ. ಕಾರನ್ನು ಸಮನೆಲದಲ್ಲಿ ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಯಾರೂ ಕಾರಿನ ಕೆಳಗೆ ಹೋಗಕೂಡದು. ಚಾಸಿ ನಾಲ್ಕು ಕಡೆಯೂ ಒಂದೇ ಮಟ್ಟದಲ್ಲಿದೆಯೇ ಎಂದು ರಸಮಟ್ಟದಿಂದಲೋ, ಗಾರೆಯವರು ಬಳಸುವ ನೀರು ತುಂಬಿದ ಕೊಳವೆಯಿಂದಲೋ ನೋಡಬೇಕು. ನೀರಿನ ಕೊಳವೆ ಅಗ್ಗದ ಸಲಕರಣೆಯಾದರೂ ಅದು ಸುಳ್ಳು ಹೇಳುವುದಿಲ್ಲ. ಒಳಗೆ ಗಾಳಿಗುಳ್ಳೆ ಇರಬಾರದು ಅಷ್ಟೆ.

ಬಳಿಕ ಎಡಬಲದಲ್ಲಿ ಸರಿಜೋಡಿಯಾಗಿರುವ ನಾಲ್ಕು ರಂಧ್ರಗಳನ್ನು ಆರಿಸಿ, ಅವುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ನಾಲ್ಕು ಚುಕ್ಕೆ ಹಾಕಬೇಕು. ಈಗ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆಯಬೇಕು. ಕಟ್ಟಡದ ಕೆಲಸ ಬಲ್ಲವರಿಗೆ ಇದು ಹೊಸದಲ್ಲ. 3 ಅಡಿ, 4 ಅಡಿ, 5 ಅಡಿಯ ಲೆಕ್ಕದಿಂದ ಮೂಲೆಮಟ್ಟ ಹಿಡಿಯುವ ಜಾಣತನದ ತಮ್ಮನೇ ಇದು. ಎರಡು ಕರ್ಣಗಳೂ ಸಮನಾಗಿದ್ದರೆ ಚೌಕಟ್ಟು ಸರಿಯಾಗಿದೆ.

ಲೆಕ್ಕದಲ್ಲಿ ಆಸಕ್ತಿಯುಳ್ಳವರು ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಚುಕ್ಕೆಗಳ ನಡುವೆ ಉದ್ದ 1200 ಮಿಲಿಮೀಟರು, ಅಗಲ 600 ಮಿಲಿಮೀಟರು ಇರಲಿ. ಚೌಕಟ್ಟು ಸರಿಯಿದ್ದಾಗ ಎರಡು ಕರ್ಣಗಳೂ ಸುಮಾರು 1341.6 ಮಿಲಿಮೀಟರು. ಹಳೆಯ ಅಪಘಾತದಿಂದ ಒಂದು ದೂಲ 5 ಮಿಲಿಮೀಟರಿನಷ್ಟು ಮುಂದೆ ಸರಿದಿದೆ ಎನ್ನಿ. ಆಗ ಒಂದು ಕರ್ಣ 1346.1 ಆಗುತ್ತದೆ, ಇನ್ನೊಂದು 1337.2 ಆಗುತ್ತದೆ. 5 ಮಿಲಿಮೀಟರಿನ ದೋಷ ಕರ್ಣಗಳಲ್ಲಿ ಸುಮಾರು 9 ಮಿಲಿಮೀಟರಾಗಿ ಕಾಣಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದ ದೋಷವನ್ನು ಟೇಪು ದೊಡ್ಡದು ಮಾಡಿ ತೋರಿಸುತ್ತದೆ.

ಆದರೆ ಕರ್ಣಗಳು ಸಮನಾಗಿದ್ದರೂ ಚಾಸಿ ತಿರುಚಿಕೊಂಡಿರಬಹುದು. ಮಂಚದ ಮೂರು ಕಾಲು ನೆಲ ಮುಟ್ಟಿ ಒಂದು ಕಾಲು ತೂಗಾಡುವುದಿಲ್ಲವೇ, ಹಾಗೆ. ಇದನ್ನು ಹಿಡಿಯಲು ಚಾಸಿಯ ಮುಂದೊಂದು, ಹಿಂದೊಂದು ನೇರ ಸಲಾಕೆಯನ್ನು ಅಡ್ಡಲಾಗಿಟ್ಟು, ಮುಂದಿನಿಂದ ಒಂದೇ ಕಣ್ಣಿನಲ್ಲಿ ನೋಡಬೇಕು. ಎರಡು ಸಲಾಕೆಗಳೂ ಒಂದರ ಹಿಂದೊಂದು ಮರೆಯಾದರೆ ತಿರುಚಿಲ್ಲ.

ಈ ಅಳತೆಗಳನ್ನೆಲ್ಲ ಪುಸ್ತಕದಲ್ಲಿ ತಾರೀಖು ಸಮೇತ ಬರೆದಿಡಬೇಕು. ನೆನಪಿನಲ್ಲಿಟ್ಟುಕೊಂಡ ಅಳತೆ ಸಂಜೆಯ ಹೊತ್ತಿಗೆ ಬದಲಾಗುತ್ತದೆ. ನಕ್ಷೆಯೊಂದನ್ನು ಬರೆದು ಪ್ರತಿಯೊಂದು ರಂಧ್ರಕ್ಕೂ ಅಂಕಿ ಕೊಡುವುದು ಉತ್ತಮ. ಬರೆಯುವ ಕೈಯವರು ಕಾರ್ಖಾನೆಯ ಮಿತ್ರರಿಗೆ ನೆರವಾಗಬಹುದಾದ ಜಾಗ ಇದು.

೪. ಬಿಡಿಭಾಗವನ್ನು ಒಪ್ಪಿಸುವುದು

ಹೊಸದಾಗಿ ತಯಾರಿಸಿ ಮಾರುವ ತುಂಡುಗಳು ಮೂಲ ಕಾರ್ಖಾನೆಯ ಅಚ್ಚಿನಲ್ಲಿಯೇ ಆದವುಗಳಲ್ಲ ಎಂಬುದನ್ನು ಮರೆಯಬಾರದು. ರಂಧ್ರ ಒಂದಿಷ್ಟು ಆಚೀಚೆ ಇರಬಹುದು, ಅಂಚು ಉದ್ದವಿರಬಹುದು, ಬಾಗು ಕಡಿಮೆ ಇರಬಹುದು. ಇಂಥಲ್ಲಿ ಕೆಲಸಗಾರನಿಗೆ ಬರುವ ಮೊದಲ ಯೋಚನೆ, ಚಾಸಿಯನ್ನೇ ಸ್ವಲ್ಪ ಎಳೆದು ಬೋಲ್ಟು ಕೂರಿಸಿಬಿಡೋಣ ಎಂಬುದು. ಅಲ್ಲಿಯೇ ಕೆಲಸ ಕೆಡುತ್ತದೆ. ಎಳೆದು ಕೂರಿಸಿದ ಬೋಲ್ಟು ಆ ಒತ್ತಡವನ್ನು ಹೊತ್ತುಕೊಂಡೇ ಇರುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಸಾವಿರ ಸಲ ಕುಲುಕಿದ ಮೇಲೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಚಾಸಿಯ ಅಳತೆ ಸರಿಯಿದೆಯೆಂದು ಗೊತ್ತಾದ ಮೇಲೆ ಅದನ್ನು ಯಾವ ತುಂಡಿಗಾಗಿಯೂ ಕದಲಿಸಬಾರದು. ತುಂಡನ್ನೇ ಅರದಿಂದ ಉಜ್ಜಿ, ಬಾಗಿಸಿ, ಬೇಕಾದರೆ ರಂಧ್ರ ಮುಚ್ಚಿ ಹೊಸದಾಗಿ ಕೊರೆದು ಚಾಸಿಗೆ ಒಪ್ಪಿಸಬೇಕು. ಬಾಡಿಗೂ ಚಾಸಿಗೂ ನಡುವೆ ಬರುವ ಬಿಲ್ಲೆಗಳು ಎಷ್ಟಿದ್ದವು, ಎಷ್ಟು ದಪ್ಪವಿದ್ದವು ಎಂಬುದನ್ನೂ ಬರೆದಿಡಬೇಕು. ಬಾಗಿಲು ಸರಿಯಾಗಿ ಮುಚ್ಚುವುದು ಆ ಬಿಲ್ಲೆಗಳಿಂದ.

ಹಳೆಯ ತುಂಡನ್ನು ಕೊಯ್ದು ಕೂಡಲೇ ಗುಜರಿಗೆ ಹಾಕಬಾರದು. ಕೆಲಸ ಮುಗಿಯುವವರೆಗೆ ಅದೇ ನಮ್ಮ ಮಾದರಿ. ಎರಡೂ ಪಕ್ಕಗಳನ್ನು ಒಟ್ಟಿಗೆ ಕೊಯ್ಯಲೂಬಾರದು. ಒಂದು ಪಕ್ಕ ಪೂರ್ತಿ ಮುಗಿದ ಮೇಲೆ ಇನ್ನೊಂದು. ಸ್ಪಿಟ್‌ಫೈರಿನ ಹೊಸ್ತಿಲು ಭಾರ ಹೊರುವಂಥದೆಂದು ಹೇಳಿದೆವಷ್ಟೆ. ಅದನ್ನು ಕೊಯ್ಯುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಉಕ್ಕಿನ ಕೊಳವೆಯನ್ನು ತಾತ್ಕಾಲಿಕವಾಗಿ ಬೆಸೆದು ಬಿಗಿಯದಿದ್ದರೆ, ಮೇಲ್ಛಾವಣಿ ಇಲ್ಲದ ಆ ಬಾಡಿ ನಡುವಿನಲ್ಲಿ ಕುಸಿಯುತ್ತದೆ. ಆಮೇಲೆ ಹೊಸ ಹೊಸ್ತಿಲು ಎಷ್ಟು ಚೆನ್ನಾಗಿ ಕೂಡಿಸಿದರೂ ಬಾಗಿಲು ಮುಚ್ಚುವುದಿಲ್ಲ.

ತಗಡಿನ ದಪ್ಪ ಮೂಲದಷ್ಟೇ ಇರಬೇಕು. ದಪ್ಪ ಹಾಕಿದರೆ ಗಟ್ಟಿ ಎಂಬ ತಿಳಿವಳಿಕೆ ಎಲ್ಲ ಕಡೆಗೂ ಸಲ್ಲದು. ಒಂದೇ ದೂಲದಲ್ಲಿ ಒಂದು ಕಡೆ ಬಾಗದಷ್ಟು ದಪ್ಪ, ಪಕ್ಕದಲ್ಲಿ ತೆಳ್ಳಗೆ ಇದ್ದರೆ ಬಾಗುವ ಶ್ರಮವೆಲ್ಲ ಸೇರುವ ಗೆರೆಯ ಮೇಲೆ ಬೀಳುತ್ತದೆ. ಅಳೆಯಲು ಬಣ್ಣವನ್ನೂ ತುಕ್ಕನ್ನೂ ಕೆರೆದು ಗಟ್ಟಿ ಜಾಗದಲ್ಲಿ ಅಳೆಯಬೇಕು. 16 ಗೇಜಿನ ತಗಡೆಂದರೆ ಸುಮಾರು 1.6 ಮಿಲಿಮೀಟರು.

೫. ಬೆಸುಗೆ

ಉಕ್ಕು ಕಾದರೆ ಹಿಗ್ಗುತ್ತದೆ. ಒಂದು ಮೀಟರು ಉದ್ದದ ಸಲಾಕೆ 100 ಡಿಗ್ರಿ ಸೆಂಟಿಗ್ರೇಡು ಹೆಚ್ಚು ಕಾದರೆ ಸುಮಾರು 1.2 ಮಿಲಿಮೀಟರು ಬೆಳೆಯುತ್ತದೆ. ಸಲಾಕೆ ಇಡಿಯಾಗಿ ಕಾದು ಇಡಿಯಾಗಿ ತಣಿದರೆ ತೊಂದರೆಯಿಲ್ಲ. ಬೆಸುಗೆಯಲ್ಲಿ ಒಂದು ಗೆರೆ ಮಾತ್ರ ಕಾಯುತ್ತದೆ, ಸುತ್ತಲಿನ ತಣ್ಣನೆಯ ಉಕ್ಕು ಅದನ್ನು ಹಿಗ್ಗಗೊಡುವುದಿಲ್ಲ. ಮೆತ್ತಗಾದ ಆ ಗೆರೆ ತನ್ನಲ್ಲಿಯೇ ಕುಗ್ಗಿಕೊಂಡು, ತಣಿಯುವಾಗ ಮೊದಲಿಗಿಂತ ಗಿಡ್ಡವಾಗಿ, ಅಕ್ಕಪಕ್ಕದ ಉಕ್ಕನ್ನು ತನ್ನ ಕಡೆಗೆ ಎಳೆಯುತ್ತದೆ. ಬೆಸುಗೆ ಮಾಡಿದ ತಗಡು ಸೊಟ್ಟಗಾಗುವುದರ ಗುಟ್ಟು ಇದು.

ಇದಕ್ಕೆ ಪರಿಹಾರ ಸರಳ. ತುಂಡನ್ನು ಶಿಕಂಜೆ ಹಾಕಿ ಹಿಡಿದು, ಬಾಡಿಯ ಬೋಲ್ಟನ್ನು ಸಡಿಲವಾಗಿ ಕೂರಿಸಿ, ಅಂಚಿನಲ್ಲಿ ಬಿಡಿಬಿಡಿಯಾಗಿ ಚುಕ್ಕೆ ಬೆಸುಗೆ ಹಾಕಬೇಕು. ಕೂಡಲೇ ಕರ್ಣಗಳನ್ನೂ ಮಟ್ಟವನ್ನೂ ಮತ್ತೆ ಅಳೆಯಬೇಕು. ಸರಿಯಿಲ್ಲದಿದ್ದರೆ ಚುಕ್ಕೆಗಳನ್ನು ಕಡಿದು ತಿದ್ದಿಕೊಳ್ಳಲು ಇದೇ ಸಮಯ. ಸರಿಯಿದ್ದರೆ ಇಲ್ಲೊಂದು ಅಂಗುಲ, ಎದುರು ಕಡೆ ಒಂದು ಅಂಗುಲ, ನಡುವೆ ತಣಿಯಲು ಬಿಡುವು, ಹೀಗೆ ಹೊಲಿಗೆ ಹಾಕಿದಂತೆ ಮುಂದುವರಿಯಬೇಕು. ಅವಸರದಲ್ಲಿ ಒಂದೇ ಎಳೆತಕ್ಕೆ ಇಡೀ ಗೆರೆ ಎಳೆಯುವವರ ಕೆಲಸ ನೋಡಲು ಚಂದ, ಅಳೆಯಲು ಅಲ್ಲ. ಭಾರಿ ಯಂತ್ರಗಳ ಕಾರ್ಖಾನೆಯಲ್ಲಿ ದುಡಿಯುವ ಮಿತ್ರರಿಗೆ ಈ ಕ್ರಮ ಗೊತ್ತೇ ಇದೆ. ಸಣ್ಣ ಶೆಡ್ಡಿನಲ್ಲಿಯೂ ಉಕ್ಕಿನ ಸ್ವಭಾವ ಅದೇ.

ಪ್ರಾಣದ ಮಾತನ್ನೂ ಇಲ್ಲಿಯೇ ಹೇಳಬೇಕು. ಸ್ಪಿಟ್‌ಫೈರಿನ ಪೆಟ್ರೋಲು ಟ್ಯಾಂಕು ಆಸನದ ಹಿಂದೆಯೇ ಇದೆ. ಬೆಸುಗೆಗೆ ಮೊದಲು ಅದನ್ನು ಬಿಚ್ಚಿ ಶೆಡ್ಡಿನಿಂದ ಹೊರಗೆ ದೂರ ಇಡಬೇಕು. ಖಾಲಿ ಟ್ಯಾಂಕಿನಿಂದ ಭಯವಿಲ್ಲವೆಂದು ತಿಳಿಯಬೇಡಿ. ಅದರೊಳಗೆ ಉಳಿದ ಆವಿಯೇ ಗಾಳಿಯೊಡನೆ ಸೇರಿ ಸಿಡಿಯುತ್ತದೆ. ಬ್ಯಾಟರಿಯ ತಂತಿ ಕಳಚಬೇಕು. ಸತು ಲೇಪಿಸಿದ ತಗಡಿಗೆ ಬೆಸುಗೆ ಹಾಕುವಾಗ ಏಳುವ ಬಿಳಿ ಹೊಗೆಯಿಂದ ಅಂದಿನ ರಾತ್ರಿ ಚಳಿ ಜ್ವರ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆಂಬ ಮಾತು ಕೆಲಸಗಾರರಲ್ಲಿ ಉಂಟು. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಅಂಚಿನ ಸತುವನ್ನು ಮೊದಲೇ ಉಜ್ಜಿ ತೆಗೆದು, ಮೂಗಿಗೆ ತಕ್ಕ ಮುಖವಾಡ ಕಟ್ಟಿ, ಗಾಳಿ ಆಡುವ ಕಡೆ ಕೆಲಸ ಮಾಡುವುದೇ ಮದ್ದು. ಇವನ್ನು ಒದಗಿಸಿಕೊಡಿ ಎಂದು ಮಾಲೀಕರನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಬೆಸುಗೆ ತಣಿದ ಮೇಲೆ ಬಣ್ಣ ಹೊರಗೆ, ಮೇಣದಂಥ ತುಕ್ಕುನಿರೋಧಕ ಒಳಗೆ. ನೀರು ಬಸಿಯುವ ಮೂಲ ರಂಧ್ರಗಳನ್ನು ಮುಚ್ಚಬಾರದು. ಚಕ್ರದ ತೋಳುಗಳಲ್ಲಿ ರಬ್ಬರಿನ ಬುಷ್ ಇರುವ ಕಡೆ ಬೋಲ್ಟುಗಳನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತ ಬಳಿಕವೇ ಕೊನೆಯ ಬಿಗಿ ಬಿಗಿಯಬೇಕು. ತೂಗಾಡುವಾಗಲೇ ಬಿಗಿದರೆ ಕಾರು ಇಳಿದಾಗ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಕೊನೆಗೆ ಎಡಗಡೆಯೂ ಬಲಗಡೆಯೂ ಚಕ್ರದಿಂದ ಚಕ್ರಕ್ಕೆ ಅಳೆದು, ಮೊದಲ ದಿನದ ಪುಟದೊಂದಿಗೆ ಹೋಲಿಸಬೇಕು.

೬. ಕಾಗದಪತ್ರ

ಚಾಸಿಗೆ ಉಕ್ಕಿನ ಬಾಳು ಒಂದಾದರೆ ಕಾಗದದ ಬಾಳು ಇನ್ನೊಂದು. ನಮ್ಮ ದೇಶದಲ್ಲಿ ವಾಹನದ ಗುರುತೆಂದರೆ ಆರ್.ಸಿ. ಪುಸ್ತಕದಲ್ಲಿರುವ ಚಾಸಿ ನಂಬರು ಮತ್ತು ಎಂಜಿನ್ ನಂಬರು. ಸಾರಿಗೆ ಕಚೇರಿಗೆ ಹೋದವರು ಕಾಗದವಿಟ್ಟು ಪೆನ್ಸಿಲು ಉಜ್ಜಿ ಚಾಸಿ ನಂಬರಿನ ಅಚ್ಚು ತೆಗೆಯುವುದನ್ನು ಕಂಡಿರುತ್ತಾರೆ. ಆ ಅಂಕಿ ಇರುವ ಭಾಗವನ್ನು ಉಜ್ಜುವುದಾಗಲಿ, ಕೊಯ್ದು ಬೇರೆ ಚಾಸಿಗೆ ಹಚ್ಚುವುದಾಗಲಿ ಅಪರಾಧ. ಮಾಲೀಕನು ಹೇಳಿದನೆಂದು ಮಾಡಿದರೂ ಕೈ ನಮ್ಮದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿಯ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಕಟ್ಟು ಹಾಕಿದೆ.

2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗಾಗಿಯೇ ನಿಯಮ ಮಾಡಿತು. 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ಎಂಬ ಮನ್ನಣೆ ದೊರೆಯುತ್ತದೆ. ನಂಬರಿನಲ್ಲಿ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಆ ನಿಯಮವು ಹೊಸ ನೋಂದಣಿಗೆ 20,000 ರೂಪಾಯಿಯನ್ನೂ ಮರು ನೋಂದಣಿಗೆ 5,000 ರೂಪಾಯಿಯನ್ನೂ ಗೊತ್ತುಪಡಿಸಿತು. ನೋಂದಣಿಯ ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್ನುಗಳ ಮಾರ್ಪಾಡು ಸೇರಿದಂತೆ ಗಣನೀಯ ಬದಲಾವಣೆ ಆಗಿರಕೂಡದೆಂಬುದು ಷರತ್ತು. ತುಕ್ಕು ಹಿಡಿದ ತೋಳೊಂದನ್ನು ಅದೇ ರೂಪದ ತೋಳಿನಿಂದ ತುಂಬುವುದು ದುರಸ್ತಿ. ಚಾಸಿಯ ಆಕಾರವನ್ನೇ ಬದಲಿಸುವುದು ಮಾರ್ಪಾಡು. ಕೆಲಸಕ್ಕೆ ಮೊದಲು, ನಡುವೆ, ಕೊನೆಗೆ ತೆಗೆದ ಫೋಟೋಗಳೂ, ಬಿಡಿಭಾಗದ ರಸೀದಿಗಳೂ, ನಾವು ಹೇಳಿದ ಅಳತೆಯ ಪುಸ್ತಕವೂ ಈ ವ್ಯತ್ಯಾಸಕ್ಕೆ ಸಾಕ್ಷಿ. ದುಡಿದವನ ಮೇಲೆ ನಾಳೆ ಆರೋಪ ಬಂದರೆ ಅವನ ಪರವಾಗಿ ಮಾತಾಡುವುದು ಆ ಪುಸ್ತಕವೇ.

ಅಭ್ಯಾಸಕ್ಕೆ

ಪಾಠ ಓದಿದವರು ಈ ಪ್ರಶ್ನೆಗಳಿಗೆ ತಾವೇ ಉತ್ತರ ಹೇಳಿಕೊಳ್ಳಲಿ:

1. ಹೆರಾಲ್ಡಿನ ತುಂಡನ್ನು ಸ್ಪಿಟ್‌ಫೈರಿಗೆ ಹಾಕಬಾರದೇಕೆ? ಎರಡು ಕಾರಣ ಕೊಡಿ.
2. ಕರ್ಣಗಳೆರಡೂ ಸಮನಾಗಿದ್ದರೂ ಯಾವ ದೋಷ ಉಳಿದಿರಬಹುದು? ಅದನ್ನು ಹಿಡಿಯುವುದು ಹೇಗೆ?
3. ಉದ್ದ 1600, ಅಗಲ 1200 ಮಿಲಿಮೀಟರಿನ ಚೌಕಟ್ಟಿನಲ್ಲಿ ಕರ್ಣ ಎಷ್ಟಿರಬೇಕು?
4. ಖಾಲಿ ಪೆಟ್ರೋಲು ಟ್ಯಾಂಕು ಅಪಾಯಕಾರಿ ಏಕೆ?

ಮೂರನೆಯದರ ಉತ್ತರ 2000 ಮಿಲಿಮೀಟರು. ಉಳಿದವುಗಳ ಉತ್ತರ ಪಾಠದಲ್ಲಿಯೇ ಇದೆ. ಕೈಕಸಬಿನ ಮಿತ್ರರೊಬ್ಬರೂ ಲೆಕ್ಕದ ಮಿತ್ರರೊಬ್ಬರೂ ಜೊತೆಯಾಗಿ ಕುಳಿತು ಓದಿದರೆ ಇಬ್ಬರಿಗೂ ಲಾಭ.